ಹಿರಿಯರಲ್ಲಿ ಕರುಳಿನ ತಡೆ: ಆಪರೇಷನ್ ಯಾವಾಗ ಬೇಕು?

ಎಂಬತ್ತರ ಅಜ್ಜಿಗೆ ಹೊಟ್ಟೆ ಉಬ್ಬಿದೆ, ವಾಂತಿ ಆಗ್ತಿದೆ, ಎರಡು ದಿನದಿಂದ ಮಲವೂ ಇಲ್ಲ, ವಾಯುವೂ ಹೋಗಿಲ್ಲ. ಮನೆಯಲ್ಲಿ ಮೊದಲು ಬರುವ ಮಾತು ‘ಗ್ಯಾಸ್ ಇರಬೇಕು’. ಸೋಡಾ ಆಯ್ತು, ಜೀರಿಗೆ ನೀರು ಆಯ್ತು, ಕೊನೆಗೆ ಭೇದಿ ಮಾತ್ರೆ. ಕರುಳು ನಿಜವಾಗಿಯೂ ಕಟ್ಟಿಕೊಂಡಿದ್ದರೆ ಈ ಮಾತ್ರೆಯೇ ಅಪಾಯ. ಮುಂದೆ ದಾರಿ ಇಲ್ಲದ ಕಡೆ ಹಿಂದಿನಿಂದ ತಳ್ಳಿದ ಹಾಗೆ, ಕರುಳು ಒಡೆಯಲೂಬಹುದು.

ಸಣ್ಣ ಕರುಳಿನ ತಡೆಗೆ ಹೆಚ್ಚಾಗಿ ಕಾರಣ ಹಳೆಯ ಆಪರೇಷನ್. ಇಪ್ಪತ್ತು ವರ್ಷದ ಹಿಂದೆ ಗರ್ಭಕೋಶ ತೆಗೆದಿದ್ದರೂ ಒಳಗಿನ ಗಾಯದ ಎಳೆಗಳು ಕರುಳನ್ನು ಈಗ ಸುತ್ತಿಕೊಳ್ಳಬಹುದು. ಇನ್ನೊಂದು ಕಾರಣ ಹರ್ನಿಯಾ. ತೊಡೆಸಂದಿಯ ಸಣ್ಣ ಗಂಟನ್ನು ವಯಸ್ಸಾದ ಹೆಂಗಸರು ನಾಚಿಕೆಯಿಂದ ಮಕ್ಕಳಿಗೂ ಹೇಳುವುದಿಲ್ಲ. ಡಾಕ್ಟರಿಗೆ ಅದನ್ನು ಹೇಳಲೇಬೇಕು. ದೊಡ್ಡ ಕರುಳಿನಲ್ಲಾದರೆ ಕ್ಯಾನ್ಸರ್ ಗಡ್ಡೆ ಅಥವಾ ಕರುಳು ತಿರುಚಿಕೊಳ್ಳುವುದು ಮುಖ್ಯ ಕಾರಣ.

ಜೀರ್ಣನಾಳಕ್ಕೆ ದಿನಕ್ಕೆ ಸುಮಾರು 7-8 ಲೀಟರ್ ರಸ ಸುರಿಯುತ್ತದೆ, ಬಹುಪಾಲು ಮತ್ತೆ ರಕ್ತಕ್ಕೆ ಸೇರುತ್ತದೆ. ತಡೆಯಾದಾಗ ಅದು ಕರುಳಲ್ಲೇ ನಿಂತು ದೇಹ ಒಣಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಕರುಳಿನ ರಕ್ತಸಂಚಾರವೇ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯಲು ಶುರು. ಹಿರಿಯರಲ್ಲಿ ಕಷ್ಟ ಏನೆಂದರೆ ನೋವು, ಜ್ವರ ಜೋರಾಗಿ ಕಾಣದೇ ಇರಬಹುದು. ಕೆಲವರು ಬರೀ ಮಂಕಾಗಿ ಏನೇನೋ ಮಾತಾಡುತ್ತಾರೆ, ಅಷ್ಟೇ.

ಎಲ್ಲರಿಗೂ ಕತ್ತರಿ ಬೇಕಿಲ್ಲ. ಮೂಗಿನಿಂದ ಹೊಟ್ಟೆಗೆ ಟ್ಯೂಬ್, ಬಾಯಿಗೆ ಏನೂ ಕೊಡದೆ ಡ್ರಿಪ್, ಸಿಟಿ ಸ್ಕ್ಯಾನ್. ಗಾಯದ ಎಳೆಗಳಿಂದಾದ ತಡೆ ಹಲವರಿಗೆ ಇಷ್ಟರಲ್ಲೇ ಬಿಡುತ್ತದೆ. ಸಾಮಾನ್ಯವಾಗಿ 72 ಗಂಟೆಯವರೆಗೆ ಕಾದು ನೋಡುತ್ತಾರೆ. ಎಡಭಾಗದ ದೊಡ್ಡ ಕರುಳು ತಿರುಚಿದ್ದರೆ ಮೊದಲು ಗುದದ್ವಾರದಿಂದ ಕ್ಯಾಮೆರಾ ನಳಿಕೆ ಹಾಕಿ ಬಿಡಿಸಲು ನೋಡುತ್ತಾರೆ. ಆದರೆ ಕರುಳು ಕೊಳೆಯುವ ಅಥವಾ ತೂತಾಗಿರುವ ಲಕ್ಷಣ ಇದ್ದರೆ, ಹರ್ನಿಯಾದಲ್ಲಿ ಕರುಳು ಸಿಕ್ಕಿ ಬಿಗಿದಿದ್ದರೆ ಕಾಯುವ ಮಾತೇ ಇಲ್ಲ.

ಆಪರೇಷನ್‌ನಲ್ಲಿ ಎಳೆ ಬಿಡಿಸುತ್ತಾರೆ, ಸತ್ತ ಭಾಗ ಇದ್ದರೆ ಕತ್ತರಿಸಿ ಜೋಡಿಸುತ್ತಾರೆ. ಜೋಡಣೆ ನಿಲ್ಲುವ ಭರವಸೆ ಇಲ್ಲದಿದ್ದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಹಾಕುತ್ತಾರೆ. ಫ್ರಾನ್ಸಿನ ಸರ್ಜನ್ ಹೆನ್ರಿ ಹಾರ್ಟ್‌ಮನ್ 1921ರಲ್ಲಿ ವಿವರಿಸಿದ ಈ ಬಗೆಯ ವಿಧಾನ ಈಗಲೂ ಜೀವ ಉಳಿಸುತ್ತಿದೆ. ಚೀಲ ಇಟ್ಟರೆ ನಮಾಝ್ ಹೇಗೆ ಎಂಬ ಚಿಂತೆಯಿಂದಲೇ ಕೆಲವರು ಬೇಡ ಅನ್ನುತ್ತಾರೆ. ಇಂಥ ರೋಗಿಗಳಿಗೆ ಶರೀಅತ್‌ನಲ್ಲಿ ವಿನಾಯಿತಿ ಇದೆ, ಕ್ರಮವನ್ನು ಉಸ್ತಾದರ ಬಳಿ ಕೇಳಿಕೊಳ್ಳಬಹುದು.

‘ಈ ವಯಸ್ಸಲ್ಲಿ ಆಪರೇಷನ್ ಯಾಕೆ’ ಎನ್ನುವವರು ಒಂದು ವಿಷಯ ಗಮನಿಸಬೇಕು. ಸರ್ಜನ್ ನೋಡುವುದು ವಯಸ್ಸೊಂದನ್ನೇ ಅಲ್ಲ. ಹೃದಯ, ಶ್ವಾಸಕೋಶ, ಕಿಡ್ನಿ, ಮೊದಲು ಎಷ್ಟು ಓಡಾಡಿಕೊಂಡಿದ್ದರು ಎಂಬುದನ್ನೂ ನೋಡುತ್ತಾರೆ. ಅಪಾಯ ಇದ್ದೇ ಇದೆ, ತಡವಾದಷ್ಟೂ ಜಾಸ್ತಿ. ತೀರಾ ಬಲಹೀನರಿಗೆ ಆಪರೇಷನ್ ಬಿಟ್ಟು ನೋವು, ವಾಂತಿ ಕಡಿಮೆ ಮಾಡುವ ಚಿಕಿತ್ಸೆಯೇ ಸರಿ ಎನ್ನಿಸಬಹುದು. ಪ್ರಜ್ಞೆ ಇದ್ದರೆ ಮೊದಲು ರೋಗಿಯನ್ನೇ ಕೇಳಬೇಕು, ಗಲ್ಫ್‌ನಲ್ಲಿರುವ ಮಗನ ಫೋನ್ ಬರಲಿ ಎಂದು ಗಂಟೆಗಟ್ಟಲೆ ಕಾಯುವುದಲ್ಲ. ಆಸ್ಪತ್ರೆಗೆ ಹೊರಡುವಾಗ ಹಳೆಯ ಆಪರೇಷನ್ ಚೀಟಿ ಮತ್ತು ಈಗ ತಿನ್ನುವ ಮಾತ್ರೆಗಳನ್ನು, ಮುಖ್ಯವಾಗಿ ರಕ್ತ ತೆಳುವಾಗಿಸುವ ಮತ್ತು ಶುಗರ್ ಮಾತ್ರೆಗಳನ್ನು, ಜೊತೆಗೆ ಒಯ್ಯಬೇಕು.