ಹೆಣ್ಣಿನ ಮತ: ಬರೆದ ಚರಿತ್ರೆ, ಬರೆಯದ ಪುಟಗಳು

ಚುನಾವಣೆ ಹತ್ತಿರ ಬಂತೆಂದರೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಇಂಗ್ಲೆಂಡಿನ ಹೆಂಗಸರು ಜೈಲಿಗೆ ಹೋಗಿ, ಉಪವಾಸ ಕೂತು ಪಡೆದ ಮತದ ಹಕ್ಕು ಭಾರತದ ಹೆಂಗಸರಿಗೆ ಸಂವಿಧಾನದ ಜೊತೆ ತಾನಾಗಿ ಒಲಿಯಿತು. ಈಚೆಗೆ ಇದಕ್ಕೆ ಇನ್ನೊಂದು ಕಥೆಯೂ ಸೇರಿಕೊಂಡಿದೆ. 1911ರ ಲಂಡನ್ ಮೆರವಣಿಗೆಯಲ್ಲಿ ಸೀರೆಯುಟ್ಟು ನಿಂತ ಭಾರತೀಯ ಮಹಿಳೆಯರ ಚಿತ್ರವನ್ನೂ ಬ್ರಿಟನ್ನಿನಲ್ಲಿ ನೆಲೆಸಿದ್ದ ರಾಜಕುಮಾರಿ ಸೋಫಿಯಾ ದುಲೀಪ್ ಸಿಂಗರ ಹೆಸರನ್ನೂ ಮುಂದಿಟ್ಟು, ನಮ್ಮ ಹೋರಾಟ ಅಲ್ಲಿಂದಲೇ ಹೊರಟಿತು ಎನ್ನುವುದು. ಸೋಫಿಯಾ ದಿಟ್ಟೆ, ನಿಜ; ಆದರೆ ಆಕೆ ಕಾದಾಡಿದ್ದು ಬ್ರಿಟನ್ನಿನ ಮತಕ್ಕಾಗಿ. ಭಾರತದ ಮತಕ್ಕಾಗಿ ನಡೆದ ಹೋರಾಟದ ಬಗ್ಗೆ ನಾಲ್ಕು ದಶಕಗಳಿಗೂ ಮೀರಿದ ಗಟ್ಟಿ ಸಂಶೋಧನೆ ಇದೆ. ಅದನ್ನು ತೆರೆದು ನೋಡಿದವರು ಈ ಎರಡು ಮಾತನ್ನೂ ಆಡಲಾರರು.

ಮೊದಲ ಹಂತದ ಬರಹಗಳು ಚಳವಳಿಗಾರರವೇ. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದ ನಿಯೋಗ ಭಾರತ ಸಚಿವ ಮಾಂಟೆಗು ಅವರ ಮುಂದೆ ಬೇಡಿಕೆ ಇಟ್ಟಿತು. ಅದರ ಹಿಂದೆ ದುಡಿದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ತಾವೇ ಪುಸ್ತಕಗಳನ್ನು ಬರೆದರು. ಅವು ದಾಖಲೆಗಳಾಗಿ ಬೆಲೆಯುಳ್ಳವು, ವಿಮರ್ಶೆಯಾಗಿ ತೆಳು. ಆಮೇಲೆ ಬಂದ ಸ್ವಾತಂತ್ರ್ಯ ಹೋರಾಟದ ಚರಿತ್ರೆಗಳಲ್ಲಿ ಹೆಣ್ಣಿನ ಮತ ಒಂದೆರಡು ಸಾಲಿಗೆ ಇಳಿಯಿತು.

ಆ ಮೌನ ಮುರಿದದ್ದು 1974ರಲ್ಲಿ. ಮಹಿಳೆಯರ ಸ್ಥಿತಿಗತಿ ಸಮಿತಿಯ ‘ಟುವರ್ಡ್ಸ್ ಈಕ್ವಾಲಿಟಿ’ ವರದಿ, ಕಾಗದದ ಮೇಲಿನ ಸಮಾನತೆ ಬದುಕಿಗೆ ಇಳಿದಿಲ್ಲವೆಂದು ಅಂಕಿಅಂಶಗಳ ಸಮೇತ ತೋರಿಸಿತು. ಹಾಗಾದರೆ ಮತದ ಹಕ್ಕು ಬಂದದ್ದು ಹೇಗೆ, ಅದರಿಂದ ಆದದ್ದೇನು? ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ವೀಣಾ ಮಜುಂದಾರ್ 1979ರಲ್ಲಿ ಸಂಪಾದಿಸಿದ ‘ಸಿಂಬಲ್ಸ್ ಆಫ್ ಪವರ್’ ಸಂಪುಟ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಅದರಲ್ಲಿದ್ದ ಜೆರಾಲ್ಡಿನ್ ಫೋರ್ಬ್ಸ್ ಅವರ ದೀರ್ಘ ಲೇಖನ 1917ರಿಂದ 1937ರವರೆಗಿನ ಬೇಡಿಕೆಯ ದಾರಿಯನ್ನು ಮೊದಲ ಬಾರಿಗೆ ಹೆಜ್ಜೆಹೆಜ್ಜೆಯಾಗಿ ಗುರುತಿಸಿತು: ಮತದ ಹಕ್ಕನ್ನು ಪರಿಶೀಲಿಸಿದ ಸೌತ್‌ಬರೋ ಸಮಿತಿಯ ನಿರಾಕರಣೆ, ಅದರ ವಿರುದ್ಧ ವಾದಿಸಲು 1919ರಲ್ಲಿ ಲಂಡನ್ನಿಗೆ ಹೋದ ಹೀರಾಬಾಯಿ ಟಾಟಾ ಮತ್ತು ಮಗಳು ಮಿಥಾನ್, ತೀರ್ಮಾನವನ್ನು ಪ್ರಾಂತಗಳ ತಲೆಗೆ ಕಟ್ಟಿದ 1919ರ ಕಾಯ್ದೆ. 1921ರಲ್ಲಿ ಮದ್ರಾಸ್ ಮತ್ತು ಮುಂಬಯಿ ಒಪ್ಪಿದವು. ಬಂಗಾಳ ಅದೇ ವರ್ಷ ತಿರಸ್ಕರಿಸಿ, 1925ರಲ್ಲಿ ಮಣಿಯಿತು. ಪ್ರಾಂತದಿಂದ ಪ್ರಾಂತಕ್ಕೆ ಮನವಿಪತ್ರ ಹೊತ್ತು ಅಲೆದವರ ಈ ಕಥೆ ಓದಿದ ಮೇಲೆ ‘ತಾನಾಗಿ ಒಲಿಯಿತು’ ಎನ್ನಲು ಬಾಯಿ ಬರುವುದಿಲ್ಲ.

ಫೋರ್ಬ್ಸ್ ತಲೆಮಾರಿನ ಸಂಶೋಧಕರ ನಿಜವಾದ ಹಿರಿಮೆ ಅವರು ಕೆಲಸ ಮಾಡಿದ ಬಗೆಯಲ್ಲಿದೆ. ಫೋರ್ಬ್ಸ್ ಸರ್ಕಾರಿ ಕಡತಗಳ ಜೊತೆಗೆ ಚಳವಳಿಯ ಹಿರಿಯ ಹೆಂಗಸರ ಮನೆಬಾಗಿಲಿಗೂ ಹೋದರು. ಶುಧಾ ಮಜುಂದಾರ್, ಮನಮೋಹಿನಿ ಝುತ್ಶಿ ಸಹಗಲ್ ಅವರ ನೆನಪುಗಳನ್ನು ಸಂಪಾದಿಸಿ ಪ್ರಕಟಿಸಿದರು. ಜಾನಾ ಎವರೆಟ್ ಮಹಿಳಾ ಸಂಘಟನೆಗಳ ಒಳಗನ್ನು ಶೋಧಿಸಿದರು. ಗೇಲ್ ಪಿಯರ್ಸನ್ ಮುಂಬಯಿಯಲ್ಲಿ ಹೆಂಗಸರ ಮೀಸಲು ಸ್ಥಾನಗಳ ಬಗೆಗಿನ ಜಗಳವನ್ನು ಬಿಡಿಸಿಟ್ಟರು. ನಂತರದವರ ಸಿದ್ಧಾಂತಗಳು ನಿಂತಿರುವುದು ಇವರು ಹಾಕಿದ ಅಡಿಪಾಯದ ಮೇಲೆ.

1980ರ ದಶಕದ ಕೊನೆಗೆ ಗಾಳಿ ಬದಲಾಯಿತು. ‘ರಿಕಾಸ್ಟಿಂಗ್ ವಿಮೆನ್’ ಸಂಕಲನದ ಕಾಲದಲ್ಲಿ ಮನೆ, ಮಾನ, ರಾಷ್ಟ್ರ ಮುಖ್ಯವಾದವು. ಮತಪೆಟ್ಟಿಗೆ ಹಿಂದೆ ಸರಿಯಿತು. ಅದನ್ನು ಮತ್ತೆ ನಡುಮನೆಗೆ ತಂದವರು ಮೃಣಾಲಿನಿ ಸಿನ್ಹಾ. ಭಾರತದ ಹೆಂಗಸರ ಸ್ಥಿತಿಯನ್ನು ಮುಂದಿಟ್ಟು ದೇಶವನ್ನು ಹಳಿದ, 1927ರಲ್ಲಿ ಬಂದ ಕ್ಯಾಥರೀನ್ ಮೇಯೋ ಪುಸ್ತಕದ ಗದ್ದಲ, 1929ರ ಬಾಲ್ಯವಿವಾಹ ತಡೆ ಕಾಯ್ದೆ, ಇವುಗಳ ನಡುವೆ ಹೆಂಗಸರು ಜಾತಿ ಮತಗಳಾಚೆಯ ಒಂದು ರಾಜಕೀಯ ಸಮುದಾಯವಾಗಿ ಮಾತಾಡತೊಡಗಿದ್ದನ್ನು 2006ರ ತಮ್ಮ ಗ್ರಂಥದಲ್ಲಿ ಅವರು ತೋರಿಸಿದರು. 2018ರಲ್ಲಿ ಸುಮಿತಾ ಮುಖರ್ಜಿ ಈ ಹೋರಾಟಗಾರ್ತಿಯರ ದೇಶವಿದೇಶದ ಓಡಾಟವನ್ನು ಬರೆದರು. ಅದೇ ವರ್ಷ ಬಂದ ಆರ್ನಿಟ್ ಶಾನಿ ಅವರ ಪುಸ್ತಕ, 1947ರ ಕೊನೆಗೇ ಶುರುವಾದ ಮತದಾರರ ಪಟ್ಟಿಯ ತಯಾರಿಯನ್ನು ಬೆಳಕಿಗೆ ತಂದಿತು. ಗುಮಾಸ್ತರ ಕಡತದಲ್ಲೂ ಪ್ರಜಾಪ್ರಭುತ್ವದ ಚರಿತ್ರೆ ಇದೆಯೆಂದು ಕಾಣಿಸಿದ ಕೃತಿ ಅದು.

ಈ ಇಡೀ ಬರಹದ ದೊಡ್ಡ ಕೊರತೆ, ಅದು ಇಂಗ್ಲಿಷ್ ಬಲ್ಲ ಮೇಲುವರ್ಗದ ಸಂಘಟನೆಗಳ ಕಡತಗಳಲ್ಲೇ ಸುತ್ತಿದ್ದು. 1930ರ ದಶಕದ ಆರಂಭದಲ್ಲಿ ಮೂರು ದೊಡ್ಡ ಮಹಿಳಾ ಸಂಘಟನೆಗಳು ವಯಸ್ಕ ಮತದಾನ ಬೇಕು, ಮೀಸಲಾತಿ ಬೇಡ ಎಂದವು. ಆದರೆ 1942ರಲ್ಲಿ ನಾಗಪುರದಲ್ಲಿ ಸುಲೋಚನಾಬಾಯಿ ಡೋಂಗರೆ ಅಧ್ಯಕ್ಷತೆಯಲ್ಲಿ ನೆರೆದ ದಲಿತ ಮಹಿಳೆಯರು ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಕೇಳಿದರು. ದಲಿತ ಮಹಿಳೆಯರ ಇಂಥ ಚರಿತ್ರೆಯನ್ನು ಕಲೆಹಾಕಿದವರು ಮರಾಠಿಯಲ್ಲಿ ಬರೆದ ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್.

ಮರಾಠಿಯಲ್ಲಿ ಆದದ್ದು ಕನ್ನಡದಲ್ಲಿ ಯಾಕಾಗಬಾರದು? 1918ರಲ್ಲಿ ಸರೋಜಿನಿ ನಾಯ್ಡು ಹೆಣ್ಣಿನ ಮತದ ಪರ ನಿರ್ಣಯ ಮಂಡಿಸಿದ ಮುಂಬಯಿ ಪ್ರಾಂತೀಯ ಸಮ್ಮೇಳನ ನಡೆದದ್ದು ಬಿಜಾಪುರದಲ್ಲಿ. ಮೈಸೂರು ಸಂಸ್ಥಾನದ 1923ರ ಕಾಯ್ದೆಯ ಹೊತ್ತಿಗೆ ಅಲ್ಲಿನ ಪ್ರಜಾಪ್ರತಿನಿಧಿ ಸಭೆಯ ಮಟ್ಟಿಗೂ ಹೆಣ್ಣಿನ ಮತಕ್ಕಿದ್ದ ಅಡ್ಡಿ ತೆರವಾಯಿತು. ಮಂಗಳೂರಂತೂ ಒಂದು ಅಧ್ಯಾಯಕ್ಕೇ ಸಾಕು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತ ಕಮಲಾದೇವಿ ಚಟ್ಟೋಪಾಧ್ಯಾಯ ಅಲ್ಲಿಯವರು. ದುಂಡುಮೇಜಿನ ಪರಿಷತ್ತಿನಲ್ಲೂ ಮತದ ಹಕ್ಕಿನ ಬಗೆಗಿನ ಲೋಥಿಯನ್ ಸಮಿತಿಯಲ್ಲೂ ಕೂತು, ಸಂಗಾತಿಗಳ ಸಿಟ್ಟನ್ನು ಎದುರಿಸಿ ಮೀಸಲು ಸ್ಥಾನಕ್ಕೆ ವಾದಿಸಿದ ರಾಧಾಬಾಯಿ ಸುಬ್ಬರಾಯನ್, ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಮಗಳು. ಸಂವಿಧಾನ ಸಭೆಯ ಸಲಹೆಗಾರರಾಗಿ ಮತದಾರರ ಪಟ್ಟಿಯ ಕೆಲಸವನ್ನು ಮುನ್ನಡೆಸಿದ ಬೆನಗಲ್ ನರಸಿಂಗ ರಾಯರ ಊರೂ ಅದೇ. ಈ ಮೂವರನ್ನು ಒಟ್ಟಿಗೆ ಇಟ್ಟು ನೋಡುವ ಅಧ್ಯಯನಕ್ಕೆ ಕರಾವಳಿಯ ಚರಿತ್ರೆ ಬಲ್ಲವರು ಕೈಹಾಕಬೇಕು.

ಇನ್ನೊಂದು ಕೆಲಸ ಇದಕ್ಕಿಂತ ತುರ್ತಿನದು. ಮೊದಲ ಮಹಾಚುನಾವಣೆಯಲ್ಲಿ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ, ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಲಾಯಿತು. 1957ರ ಎರಡನೇ ಚುನಾವಣೆಯ ಹೊತ್ತಿಗೆ ಅವರ ಪೈಕಿ ಎಷ್ಟು ಮಂದಿ ತಮ್ಮ ಹೆಸರು ಹೇಳಿದರು, ಅವರಿಂದ ಹೇಳಿಸಿದವರು ಯಾರು, ಮನೆಯಲ್ಲಿ ಅದಕ್ಕೆ ಏನು ನಡೆಯಿತು? ಅದನ್ನು ಹಳೆಯ ಮತದಾರರ ಪಟ್ಟಿಗಳಲ್ಲೂ ಆ ಕಾಲವನ್ನು ಕಂಡ ಅಜ್ಜಿಯರ ಬಾಯಿಂದಲೂ ಕಲೆಹಾಕಬೇಕು. ಆ ಅಜ್ಜಿಯರಿಗೆ ಈಗ ತೊಂಬತ್ತರ ಮೇಲಾಗಿದೆ.