ಮುಂಬ್ರಾದ ಹುಡುಗಿಯರು ಕೇಳಿದ ಮೈದಾನ

ಫುಟ್‌ಬಾಲಿನ ಜನಾಂಗದ್ವೇಷವೆಂದರೆ ಯುರೋಪಿನ ಕ್ರೀಡಾಂಗಣಗಳಲ್ಲಿ ಕಪ್ಪು ಆಟಗಾರರು ಕೇಳಬೇಕಾದ ಬೈಗುಳವೆಂದೇ ನಾವು ತಿಳಿದಿದ್ದೇವೆ. ಬೈಯದೆಯೂ ಹೊರಗಿಡಬಹುದು. 2011ರ ಜೂನ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆಂದು ಅಮ್ಮಾನ್‌ಗೆ ಬಂದ ಇರಾನಿನ ಮಹಿಳಾ ತಂಡವನ್ನು ತಲೆವಸ್ತ್ರದ ಕಾರಣಕ್ಕೆ ಆಡಗೊಡಲಿಲ್ಲ. 2014ರಲ್ಲಿ ಫಿಫಾ ಆ ನಿಷೇಧವನ್ನು ತೆಗೆದರೂ ಫ್ರಾನ್ಸಿನ ಫುಟ್‌ಬಾಲ್ ಒಕ್ಕೂಟ ತನ್ನದನ್ನು ಉಳಿಸಿಕೊಂಡಿತು. ‘ಲೆ ಹಿಜಾಬ್ಯೂಜ್’ ಎಂಬ ಆಟಗಾರ್ತಿಯರ ಬಳಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯದವರೆಗೂ ಹೋರಾಡಿ, 2023ರ ಜೂನ್ 29ರಂದು ಸೋತಿತು.

ನಮ್ಮ ದೇಶದಲ್ಲಿ ಅಡ್ಡಬಂದದ್ದು ನಿಯಮವಲ್ಲ, ನೆಲ. ಠಾಣೆಯ ಬಳಿಯ ಮುಂಬ್ರಾ 1992–93ರ ಮುಂಬಯಿ ಗಲಭೆಗಳ ಬಳಿಕ ಆಸರೆ ಅರಸಿ ಬಂದ ಮುಸ್ಲಿಂ ಕುಟುಂಬಗಳಿಂದ ತುಂಬಿದ ಊರು. ಅಲ್ಲಿ ಸಬಾ ಖಾನ್ ಮತ್ತು ಸಂಗಾತಿಗಳ ‘ಪರ್ಚಮ್’ ಸಂಸ್ಥೆ ಹುಡುಗಿಯರ ಫುಟ್‌ಬಾಲ್ ತಂಡವನ್ನು ಕಟ್ಟಿತು. ಅನ್ಯಧರ್ಮದ ಹುಡುಗಿಯರೂ ಜೊತೆಗೂಡಿದರು. ಮನೆಯವರನ್ನು ಒಪ್ಪಿಸಿದರೂ ಬಯಲಿನಲ್ಲಿ ಗಂಡುಹುಡುಗರದೇ ಕಾರುಬಾರು. ಆಗ ಹುಡುಗಿಯರೇ ಸಹಿ ಸಂಗ್ರಹಿಸಿ, ತಮಗೂ ಮೈದಾನ ಬೇಕೆಂದು ಜನಪ್ರತಿನಿಧಿಗೆ ಮನವಿ ಸಲ್ಲಿಸಿದರು.

ವಸ್ತ್ರಾಪುರದ ಕೆರೆಯ ಸುತ್ತ ಸಂಜೆ ಅಡ್ಡಾಡುವ ನಮಗೆ ಜುಹಾಪುರ ಕೆಲವೇ ಕಿಲೋಮೀಟರು. 1973ರ ಸಾಬರಮತಿ ನೆರೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಹುಟ್ಟಿದ ಆ ಬಡಾವಣೆಯೂ ಗಲಭೆಗಳಿಂದಲೇ ಹಿಗ್ಗಿತು. ಹೊರನಾಡಿನಲ್ಲಿ ರಾಜ್ಯೋತ್ಸವಕ್ಕೊಂದು ಸಭಾಂಗಣಕ್ಕಾಗಿ ಅಲೆದ ನಾವು ‘ನಮಗೂ ಒಂದಿಷ್ಟು ಜಾಗ’ ಎಂಬ ಮಾತನ್ನು ಬಲ್ಲೆವು. ಆದರೆ ನಮ್ಮನ್ನು ಯಾರೂ ಊರಂಚಿಗೆ ತಳ್ಳಿಲ್ಲ. ಬಾಡಿಗೆ ಮನೆ ಕೇಳಿದಾಗ ಹೆಸರಿಗೆ ಹೆದರಿ ಬಾಗಿಲು ಮುಚ್ಚಿಲ್ಲ. ಈ ವ್ಯತ್ಯಾಸವನ್ನು ಒಪ್ಪಿಕೊಂಡಾಗಲೇ ಮುಂಬ್ರಾದ ಮನವಿ ನಮಗೆ ಪೂರ್ತಿ ಅರ್ಥವಾಗುತ್ತದೆ.