ವ್ಯಾಪಾರಕ್ಕೊಂದು ಜಾಲತಾಣ: ವಿನ್ಯಾಸಕರನ್ನು ಆಯ್ಕೆ ಮಾಡುವ ಮುನ್ನ

ಜಮಖಂಡಿ: ರಬಕವಿ-ಬನಹಟ್ಟಿಯ ಸೀರೆ, ಮಹಾಲಿಂಗಪುರದ ಬೆಲ್ಲ ದೂರದ ಪೇಟೆಗಳಲ್ಲೂ ಹೆಸರು ಮಾಡಿವೆ. ಇಂಥ ಸರಕನ್ನು ಅಂತರಜಾಲದ ಮೂಲಕ ನೇರವಾಗಿ ಗ್ರಾಹಕರಿಗೆ ತಲುಪಿಸಬಯಸುವ ವ್ಯಾಪಾರಿ ಮೊದಲು ಹುಡುಕುವುದು ವೆಬ್ ವಿನ್ಯಾಸಕರನ್ನು. ದರ, ಬಣ್ಣ, ಚಿತ್ರಗಳ ಮಾತುಕತೆಯ ನಡುವೆ ಮುಖ್ಯ ಪ್ರಶ್ನೆಯೊಂದು ಮರೆತುಹೋಗುವುದುಂಟು: ತಾಣದ ಒಡೆಯರು ಯಾರು?

ಹೆಸರು ಯಾರದು?

ಜಾಗ ಕೊಳ್ಳುವಾಗ ಉತಾರ ನೋಡದೆ ಯಾರೂ ಹಣ ಕೊಡುವುದಿಲ್ಲ. ಜಾಲತಾಣದ ವಿಳಾಸವಾದ ಡೊಮೇನ್ ಹೆಸರಿಗೂ ಅದೇ ಎಚ್ಚರ ಅಗತ್ಯ. ವಿನ್ಯಾಸಕರು ಅದನ್ನು ತಮ್ಮ ಹೆಸರು, ತಮ್ಮ ಇ-ಮೇಲ್ ಬಳಸಿ ನೋಂದಾಯಿಸಿದರೆ ದಾಖಲೆಯಲ್ಲಿ ಅವರೇ ಒಡೆಯರು. ಅವರು ಊರು ಬಿಟ್ಟರೆ ಅಥವಾ ವೃತ್ತಿ ಬದಲಿಸಿದರೆ, ವಿಸಿಟಿಂಗ್ ಕಾರ್ಡು, ಬಿಲ್ಲು, ಚೀಲಗಳ ಮೇಲೆ ಅಚ್ಚಾದ ವಿಳಾಸವೇ ವ್ಯಾಪಾರಿಯ ಕೈತಪ್ಪಬಹುದು.

ಅವಧಿ ಮುಗಿದರೂ ನವೀಕರಿಸದ ಡಾಟ್ ಕಾಂ ಹೆಸರನ್ನು ನೋಂದಣಿ ಸಂಸ್ಥೆ ಅಳಿಸಿದ ಮೇಲೆ, ಹೆಚ್ಚುವರಿ ಶುಲ್ಕ ತೆತ್ತು ಮರಳಿ ಪಡೆಯಲು 30 ದಿನಗಳ ಅವಕಾಶವಿರುತ್ತದೆ. ಆ ಬಳಿಕ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಆದ್ದರಿಂದ ಡೊಮೇನ್ ಹಾಗೂ ಹೋಸ್ಟಿಂಗ್ ಖಾತೆಗಳೆರಡೂ ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿರಬೇಕು. ಪಾಸ್‌ವರ್ಡ್ ಮಾಲೀಕರ ಕೈಯಲ್ಲಿರಬೇಕು. ನವೀಕರಣದ ಸೂಚನೆ ಅವರ ಇ-ಮೇಲ್‌ಗೇ ಬರಬೇಕು.

ಕನ್ನಡ ಕಾಣುತ್ತದೆಯೇ?

ತಾಣದ ಕನ್ನಡ ಯುನಿಕೋಡ್‌ನಲ್ಲಿರುವುದು ಕಡ್ಡಾಯವೆಂದೇ ಭಾವಿಸಬೇಕು. ಡಿಟಿಪಿ ಕೆಲಸಕ್ಕೆ ಬಳಸುವ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ್ದನ್ನು ಹಾಗೆಯೇ ತಾಣಕ್ಕೆ ಏರಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್ ಮತ್ತು ಮೊಬೈಲ್‌ಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಗೂಗಲ್‌ನಲ್ಲಿ ‘ಬನಹಟ್ಟಿ ಸೀರೆ’ ಎಂದು ಹುಡುಕಿದವರಿಗೆ ಅಂಥ ಪುಟ ಸಿಗುವುದೂ ಕಷ್ಟ. ಪರೀಕ್ಷೆ ಸುಲಭ: ವಿನ್ಯಾಸಕರ ಹಳೆಯ ತಾಣವೊಂದರ ಕನ್ನಡ ಸಾಲನ್ನು ನಕಲಿಸಿ ಮೊಬೈಲ್ ಸಂದೇಶದಲ್ಲಿ ಅಂಟಿಸಿದಾಗ ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್.

ಅವರು ಈ ಹಿಂದೆ ರೂಪಿಸಿದ ಎರಡು ಮೂರು ತಾಣಗಳನ್ನು ಸಾಧಾರಣ ಮೊಬೈಲ್‌ನಲ್ಲಿ ತೆರೆದು ನೋಡುವುದು ಒಳಿತು. ಪುಟ ಬೇಗ ತೆರೆಯುತ್ತದೆಯೇ, ಸೀರೆಯ ಅಂಚು-ಸೆರಗು ಸ್ಪಷ್ಟವಾಗಿ ಕಾಣುತ್ತದೆಯೇ ಎಂಬುದನ್ನು ಗಮನಿಸಬೇಕು. ಆ ತಾಣಗಳ ಮಾಲೀಕರೊಂದಿಗೆ ಮಾತನಾಡಿದರೆ, ಕೆಲಸ ಮುಗಿದ ಮೇಲೂ ವಿನ್ಯಾಸಕರು ಕರೆಗೆ ಸಿಗುತ್ತಾರೆಯೇ ಎಂಬುದು ತಿಳಿಯುತ್ತದೆ.

ಕರಾರು ಲಿಖಿತವಾಗಿರಲಿ

ವಿನ್ಯಾಸದ ಶುಲ್ಕ ಒಮ್ಮೆ ಕೊಡುವಂಥದ್ದು. ಡೊಮೇನ್, ಹೋಸ್ಟಿಂಗ್, ನಿರ್ವಹಣೆಯ ವೆಚ್ಚ ಮರುಕಳಿಸುವಂಥದ್ದು. ಇವನ್ನು ದರಪಟ್ಟಿಯಲ್ಲಿ ಬೇರೆ ಬೇರೆಯಾಗಿ ನಮೂದಿಸಲು ಕೇಳಬೇಕು. ವಿನ್ಯಾಸಕರು ಜಿಎಸ್‌ಟಿ ನೋಂದಾಯಿತರಾಗಿದ್ದರೆ ಶೇ 18ರಷ್ಟು ತೆರಿಗೆ ಸೇರುತ್ತದೆ. ಹೇಳಿದ ದರದಲ್ಲಿ ಅದು ಅಡಕವೇ ಎಂಬುದೂ ಮೊದಲೇ ಸ್ಪಷ್ಟವಾಗಲಿ. ಹಣವನ್ನು ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಕೊಟ್ಟು, ಕೊನೆಯ ಕಂತನ್ನು ಎಲ್ಲ ಪಾಸ್‌ವರ್ಡ್‌ಗಳು ಕೈಸೇರಿದ ಮೇಲೆ ಪಾವತಿಸುವುದು ಕ್ಷೇಮ.

ಹೊರಗಿನ ವಿನ್ಯಾಸಕರಿಗೆ ಹಣ ಕೊಟ್ಟ ಮಾತ್ರಕ್ಕೆ ಅವರು ಬರೆದ ಕೋಡ್‌ನ ಹಕ್ಕು ತಾನಾಗಿಯೇ ವ್ಯಾಪಾರಿಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು.

ಮಾಲೀಕರ ಹೊಣೆ

ತಾಣದಲ್ಲೇ ಮಾರಾಟ ಮಾಡುವುದಾದರೆ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ಹೆಸರು, ವಿಳಾಸ ಹಾಗೂ ದೂರು ಆಲಿಸುವ ಅಧಿಕಾರಿಯ ವಿವರ ತಾಣದಲ್ಲಿರಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಬರೆದರೆ ಅದಕ್ಕೆ ಉತ್ತರಿಸಬೇಕಾದವರೂ ಮಾರುವವರೇ.

ವಿನ್ಯಾಸ ಹಿಡಿಸದಿದ್ದರೆ ಬದಲಿಸಬಹುದು. ವರ್ಷಗಟ್ಟಲೆ ಗ್ರಾಹಕರ ನೆನಪಿನಲ್ಲಿ ಉಳಿದ ವಿಳಾಸ ಕಳೆದುಹೋದರೆ ಮತ್ತೆ ದೊರೆಯುವುದು ಕಷ್ಟ. ಮುಂಗಡ ಕೊಡುವ ಮುನ್ನ ಅದು ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.